ರಕ್ತಪರೀಕ್ಷೆಯೂ ವಿಶ್ವಾಸವೂ

ಬೆಂಗಳೂರಿನ ಉತ್ತರಕ್ಕೆ ಎರಡು ಹೆಬ್ಬಾಗಿಲುಗಳುಂಟು. ಹೆಬ್ಬಾಳ, ಯಲಹಂಕಗಳನ್ನು ಹಾದು ಬಳ್ಳಾರಿಯ ಕಡೆಗೆ ಹೋಗುವ ರಸ್ತೆ ಒಂದು. ಯಶವಂತಪುರದಿಂದ ತುಮಕೂರು, ಹುಬ್ಬಳ್ಳಿ, ಪುಣೆಗಳತ್ತ ಸಾಗುವ ರಸ್ತೆ ಮತ್ತು ರೈಲುದಾರಿ ಇನ್ನೊಂದು. ಊರಿಗೆ ದವಸ, ಬಟ್ಟೆ, ಬಂಧುಗಳು ಬಂದ ಈ ಬಾಗಿಲುಗಳಿಂದಲೇ ರೋಗಗಳೂ ಬಂದಿವೆ. ಬಂದ ರೋಗವನ್ನು ಪತ್ತೆಹಚ್ಚಲು ನಾವು ಹಿಡಿದ ಮಾರ್ಗಗಳಿಗೂ ಒಂದು ಇತಿಹಾಸವಿದೆ. ಎಚ್.ಐ.ವಿ. ಸೋಂಕಿನ ಪರೀಕ್ಷೆಯನ್ನು ಕುರಿತ ಈ ಮಾತುಗಳನ್ನು ನಾನು ಆ ಇತಿಹಾಸದಿಂದ ಆರಂಭಿಸಲು ಬಯಸುತ್ತೇನೆ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ತಲುಪಿತು. ಅದನ್ನು ಹೊತ್ತು ತಂದದ್ದು ಹುಬ್ಬಳ್ಳಿಯ ಕಡೆಯ ರೈಲು. ಮೈಸೂರು ಸರ್ಕಾರ ವಿ.ಪಿ. ಮಾಧವರಾಯರನ್ನು ಪ್ಲೇಗು ಕಮಿಷನರಾಗಿ ನೇಮಿಸಿತು. ರೈಲು ಪ್ರಯಾಣಿಕರ ತಪಾಸಣೆ ನಡೆಯಿತು. ಮನೆಗಳ ಶೋಧನೆ ನಡೆಯಿತು. ರೋಗಿಗಳನ್ನು ಆಸ್ಪತ್ರೆಗೂ ಅವರ ಮನೆಯವರನ್ನು ಊರಾಚೆಯ ಶಿಬಿರಗಳಿಗೂ ಸಾಗಿಸಲಾಯಿತು. ಆ ಕಾಲದ ಅಧಿಕಾರಿಗಳ ಶ್ರಮವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಲ್ಲೇಶ್ವರ, ಬಸವನಗುಡಿಗಳಂಥ ಗಾಳಿ ಬೆಳಕಿನ ಬಡಾವಣೆಗಳು ಬೆಳೆದದ್ದರ ಹಿಂದೆ ಆ ಪಿಡುಗಿನ ಪಾಠವಿದೆ. ಆದರೆ ಜನ ತಪಾಸಣೆಗೆ ಹೆದರಿದರು. ಜ್ವರ ಬಂದವರನ್ನು ಬಚ್ಚಿಟ್ಟರು, ಸತ್ತವರ ಸುದ್ದಿಯನ್ನೂ ಮುಚ್ಚಿಟ್ಟರು. ಪರೀಕ್ಷೆಯ ಮುಂದಿನ ಹೆಜ್ಜೆ ಮನೆಯವರಿಂದ ಅಗಲಿಕೆ ಎಂದಾದಾಗ, ಪರೀಕ್ಷೆಯೇ ರೋಗಕ್ಕಿಂತ ಭಯಂಕರವಾಗಿ ಕಂಡಿತು. ಸರ್ಕಾರದ ಬಾಗಿಲಿಗೆ ಹೋಗಲಾರದ ಜನ ಪ್ಲೇಗಮ್ಮನ ಗುಡಿಗೆ ಹೋದರು.

ಎಂಬತ್ತೆಂಟು ವರ್ಷಗಳ ಅನಂತರ ಇದೇ ಭಯ ಇನ್ನೊಂದು ಹೆಸರಿನಲ್ಲಿ ಮರಳಿತು. 1986ರಲ್ಲಿ ಮದ್ರಾಸಿನ ವೈದ್ಯೆ ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಸಂಗ್ರಹಿಸಿದ ರಕ್ತದ ಮಾದರಿಗಳು ವೆಲ್ಲೂರಿನಲ್ಲಿ ಪರೀಕ್ಷೆಗೊಳಗಾಗಿ, ನಮ್ಮ ದೇಶದಲ್ಲಿ ಎಚ್.ಐ.ವಿ. ಇರುವುದು ಮೊದಲ ಬಾರಿಗೆ ತಿಳಿಯಿತು. ಈ ರಕ್ತಪರೀಕ್ಷೆಗೆ ಅಮೆರಿಕದಲ್ಲಿ ಅನುಮತಿ ದೊರೆತದ್ದು ಅದಕ್ಕೆ ಹಿಂದಿನ ವರ್ಷ, 1985ರ ಮಾರ್ಚಿನಲ್ಲಿ. ದಾನವಾಗಿ ಬಂದ ರಕ್ತ ಸುರಕ್ಷಿತವೇ ಎಂದು ನೋಡುವುದು ಅದರ ಮೊದಲ ಉದ್ದೇಶವಾಗಿತ್ತು. ಬಾಟಲಿಯಲ್ಲಿದ್ದ ರಕ್ತದ ಬಗ್ಗೆ ಇದ್ದ ಕಾಳಜಿ, ರಕ್ತ ಕೊಟ್ಟ ಮನುಷ್ಯನ ಬಗ್ಗೆ ಇರಲಿಲ್ಲ. 1989ರಲ್ಲಿ ಗೋವೆಯ ಡೊಮಿನಿಕ್ ಡಿಸೋಜ ಎಂಬ ತರುಣ ರಕ್ತದಾನಿಯ ಸೋಂಕು ಹೀಗೆ ಬಯಲಾದಾಗ, ಪೊಲೀಸರು ಅವರನ್ನು ಕರೆದೊಯ್ದರು. ಹಳೆಯ ಕ್ಷಯರೋಗ ಆಸ್ಪತ್ರೆಯೊಂದರಲ್ಲಿ 64 ದಿನ ಒಂಟಿಯಾಗಿ ಇರಿಸಿದರು. ದಾನ ಮಾಡಿದವನಿಗೆ ಸೆರೆ! ಪರೀಕ್ಷೆ ಎಂದರೆ ಜನ ಬೆಚ್ಚಿದ್ದರಲ್ಲಿ ಆಶ್ಚರ್ಯವೇನು?

ಪ್ಲೇಗಿಗೂ ಎಚ್.ಐ.ವಿ.ಗೂ ಇರುವ ಒಂದು ಭೇದವನ್ನು ಇಲ್ಲಿ ಜ್ಞಾಪಿಸಿಕೊಳ್ಳಬೇಕು. ಪ್ಲೇಗು ಹತ್ತಿದವನನ್ನು ಕೆಲವೇ ದಿನಗಳಲ್ಲಿ ಜ್ವರವೂ ಗಡ್ಡೆಯೂ ತೋರಿಸಿಕೊಡುತ್ತಿದ್ದವು. ಎಚ್.ಐ.ವಿ. ಹಾಗಲ್ಲ. ಅದು ಎಂಟು ಹತ್ತು ವರ್ಷ ಸದ್ದಿಲ್ಲದೆ ದೇಹದಲ್ಲಿ ಇರಬಲ್ಲುದು. ಮುಖದ ಕಳೆ, ದೇಹದ ಕಸುವು, ವಿದ್ಯೆ, ಅಂತಸ್ತು ಯಾವುದನ್ನು ನೋಡಿಯೂ ಅದನ್ನು ಊಹಿಸಲಾಗದು. ಅದರ ಇರವನ್ನು ತಿಳಿಸುವುದು ಪರೀಕ್ಷೆಯೊಂದೇ.

ಆದರೂ ನಾವು ಬಹುಕಾಲ ಊಹೆಯನ್ನೇ ನಂಬಿದೆವು. 1990ರ ದಶಕದಲ್ಲಿ ಕರ್ನಾಟಕವು ಸೋಂಕು ಹೆಚ್ಚಾಗಿದ್ದ ಆರು ರಾಜ್ಯಗಳ ಸಾಲಿಗೆ ಸೇರಿದಾಗ, ಯಶವಂತಪುರದಂಥ ಲಾರಿ ತಂಗುದಾಣಗಳ ಕಡೆಗೆ ಎಲ್ಲರ ಬೆರಳೂ ತಿರುಗಿತು. ಲಾರಿ ಚಾಲಕರ ನಡುವೆ, ಲೈಂಗಿಕ ವೃತ್ತಿಯ ಹೆಂಗಸರ ನಡುವೆ ಕೆಲಸ ಮಾಡಬೇಕಾದದ್ದು ನ್ಯಾಯವೇ. ಅದರಿಂದ ಸಾವಿರಾರು ಜೀವಗಳು ಉಳಿದಿವೆ. ಆದರೆ ಉಳಿದವರು ಇದನ್ನು ಪರರ ರೋಗವೆಂದು ತಿಳಿದು ನೆಮ್ಮದಿಯಾಗಿ ಕುಳಿತರು. ಈ ನೆಮ್ಮದಿಯ ಬೆಲೆಯನ್ನು ತೆತ್ತವರು ಎಷ್ಟೋ ಮಂದಿ ಗೃಹಿಣಿಯರು. ಗಂಡನಲ್ಲದೆ ಬೇರೊಬ್ಬರನ್ನು ಅರಿಯದ ಹೆಣ್ಣುಮಗಳು, ಬಸಿರಿನಲ್ಲಿ ಮಾಡಿದ ಪರೀಕ್ಷೆಯಿಂದ ತನ್ನ ಸೋಂಕನ್ನು ತಿಳಿದಳು. ಆಕೆ ಪರೀಕ್ಷೆಗೆ ಒಳಗಾದದ್ದು ಗರ್ಭಿಣಿಯಾದ ಕಾರಣ. ಆತ ಅದುವರೆಗೆ ಒಳಗಾಗದೆ ಉಳಿದದ್ದು ಗಂಡಸಾದ ಕಾರಣ. ಮೊದಲು ಗೊತ್ತಾದವಳೇ ಮೊದಲು ತಂದವಳೆಂಬ ಅಪವಾದವನ್ನೂ ಆಕೆಯೇ ಹೊತ್ತಳು.

ಈಗ ಪರೀಕ್ಷೆಯ ಮುಂದಿನ ಹೆಜ್ಜೆ ಬದಲಾಗಿದೆ. 2004ರ ಏಪ್ರಿಲ್ 1ರಿಂದ ಸರ್ಕಾರವು ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಎ.ಆರ್.ಟಿ. ಔಷಧಿಯನ್ನು ಉಚಿತವಾಗಿ ಕೊಡತೊಡಗಿತು. 2017ರಿಂದ ಸೋಂಕು ಖಚಿತವಾದ ಎಲ್ಲರಿಗೂ, ರೋಗ ಉಲ್ಬಣಿಸುವುದನ್ನು ಕಾಯದೆ, ಚಿಕಿತ್ಸೆ ಕೊಡಬೇಕೆಂಬ ನೀತಿ ಬಂದಿದೆ. ಔಷಧಿಯನ್ನು ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಾಣು ಅಳತೆಗೆ ಸಿಗದಷ್ಟು ತಗ್ಗಿದ ಸ್ಥಿತಿಯನ್ನು ಕಾಯ್ದುಕೊಂಡವರಿಂದ ಸಂಗಾತಿಗೆ ದೇಹಸಂಪರ್ಕದ ಮೂಲಕ ಸೋಂಕು ತಗಲುವುದಿಲ್ಲ. ಬೇಗ ಚಿಕಿತ್ಸೆ ಪಡೆದ ತಾಯಿ ಸೋಂಕಿಲ್ಲದ ಮಗುವನ್ನು ಹೆರಬಲ್ಲಳು. 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಕಾಯಿದೆಯು ಪರೀಕ್ಷೆಗೆ ತಿಳಿವಳಿಕೆಯ ಒಪ್ಪಿಗೆ ಬೇಕೆಂದಿದೆ. ಫಲಿತಾಂಶದ ಗೋಪ್ಯತೆಯನ್ನು ಕಾಪಾಡಬೇಕೆಂದಿದೆ. ಉದ್ಯೋಗ, ವಿದ್ಯೆ, ಚಿಕಿತ್ಸೆಗಳಲ್ಲಿ ತಾರತಮ್ಯವನ್ನು ನಿಷೇಧಿಸಿದೆ. ಪ್ಲೇಗಿನ ಕಾಲದಲ್ಲಿ ಕಲಿಯದೆ ಹೋದ ಪಾಠವನ್ನು ಇಷ್ಟು ತಡವಾಗಿ ನಾವು ಬರೆದುಕೊಂಡಿದ್ದೇವೆ.

ಪರೀಕ್ಷೆಯನ್ನು ಒಮ್ಮೆ ಮಾಡಿಸಿದರೆ ಸಾಲದೆ ಎಂದು ಕೇಳುವವರುಂಟು. ಇಂದಿನ ಫಲಿತಾಂಶ ನೆನ್ನೆಯವರೆಗಿನ ಬದುಕಿಗೂ ಪೂರ್ಣ ಸಾಕ್ಷಿಯಾಗದು. ಸೋಂಕು ತಗಲಿದ ಮೇಲೆ ಪರೀಕ್ಷೆಗೆ ಸಿಗುವ ತನಕ ಕೆಲವು ವಾರಗಳ ಗವಾಕ್ಷಿ ಅವಧಿ ಇರುತ್ತದೆ. ಆದ್ದರಿಂದ ಸಂಶಯದ ಸಂಪರ್ಕವಾದಲ್ಲಿ ಮೂರು ತಿಂಗಳು ಕಳೆದ ಮೇಲೆ ಮತ್ತೆ ನೋಡಿಸುವುದು ವಾಡಿಕೆ. ದೇಹಸಂಬಂಧವುಳ್ಳ ವಯಸ್ಕರೆಲ್ಲ ಒಮ್ಮೆಯಾದರೂ, ಹೊಸ ಸಂಗಾತಿ ಅಥವಾ ಒಬ್ಬರಿಗಿಂತ ಹೆಚ್ಚು ಸಂಗಾತಿಗಳಿರುವವರು ವರ್ಷಕ್ಕೊಮ್ಮೆಯಾದರೂ, ಅಪಾಯ ಹೆಚ್ಚಿರುವವರು ಆರು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಪರೀಕ್ಷಿಸಿಕೊಳ್ಳುವುದು ವಿವೇಕ. ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗಳ ಆಪ್ತಸಮಾಲೋಚನಾ ಕೇಂದ್ರಗಳಲ್ಲಿ ಇದಕ್ಕೆ ಹಣವಿಲ್ಲ. ಪರೀಕ್ಷೆಗೆ ಮುನ್ನವೂ ಅನಂತರವೂ ಅಲ್ಲಿ ನಮ್ಮ ಮಾತನ್ನು ಕೇಳುವವರಿದ್ದಾರೆ. ಮೊದಲ ಪರೀಕ್ಷೆಯಲ್ಲಿ ಸೋಂಕು ಕಂಡರೆ ಬೇರೆ ಬೇರೆ ಬಗೆಯ ಪರೀಕ್ಷೆಗಳಿಂದ ಖಚಿತಪಡಿಸಿಕೊಂಡೇ ಹೇಳುತ್ತಾರೆ. ಉಚಿತ ಸಹಾಯವಾಣಿ 1097 ಕೂಡ ಉಂಟು.

ಇಷ್ಟಿದ್ದೂ ಒಂದು ಅಡ್ಡಿ ಉಳಿದಿದೆ. ಕಾಯಿದೆಯಾಗಲಿ ಔಷಧಿಯಾಗಲಿ ಅದನ್ನು ನಿವಾರಿಸಲಾರವು. ಕೇಂದ್ರದ ಹೊರಗಿನ ಬೆಂಚಿನ ಮೇಲೆ ಪರಿಚಿತರೊಬ್ಬರು ಕುಳಿತಿರುವುದನ್ನು ಕಂಡಾಗ ನಮ್ಮ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆಯೇ ಆ ಅಡ್ಡಿ. ಸಕ್ಕರೆಯ ಅಂಶ ನೋಡಿಸಲು ಬಂದವರನ್ನು ನಾವು ಶಂಕಿಸುವುದಿಲ್ಲ. ಇವರನ್ನೂ ಹಾಗೆಯೇ ಕಾಣಲು ಕಲಿತ ದಿನ, ಬಚ್ಚಿಡುವ ಅಗತ್ಯವೂ ತೀರುತ್ತದೆ. ಅದನ್ನು ಕಲಿಯುವ ನೇರವಾದ ದಾರಿ, ನಾವೇ ಒಮ್ಮೆ ಆ ಬೆಂಚಿನ ಮೇಲೆ ಕುಳಿತು ಸರದಿಗಾಗಿ ಕಾಯುವುದು.