ಸೊನ್ನೆಯಿಂದ ಶುರು ಮಾಡಬೇಡಿ: 1956ರ ಒಂದು ಪುಟ್ಟ ಪ್ರೋಗ್ರಾಂ

ಪೈಥಾನ್‌ನಲ್ಲಿ ಮ್ಯಾಕ್ಸ್ ಅಂತ ಬರೆದರೆ ಸಾಕು, ಪಟ್ಟಿಯ ದೊಡ್ಡ ಸಂಖ್ಯೆ ಸಿಕ್ಕಿಬಿಡುತ್ತೆ, ಅಲ್ವಾ? ಈಗ 1956ಕ್ಕೆ ಹೋಗೋಣ.

ಐಬಿಎಂ 704 ಕಂಪ್ಯೂಟರ್‌ಗಾಗಿ ಜಾನ್ ಬ್ಯಾಕಸ್ ತಂಡ ಕಟ್ಟುತ್ತಿದ್ದ ಫೋರ್ಟ್ರಾನ್ ಭಾಷೆಯ ಕೈಪಿಡಿ ಆ ವರ್ಷ ಹೊರಬಂತು. ಅದರಲ್ಲಿದ್ದ ಒಂದು ಉದಾಹರಣೆ ಪ್ರೋಗ್ರಾಂ ಇದೇ ಕೆಲಸದ್ದು: ಹೆಚ್ಚೆಂದರೆ 999 ಸಂಖ್ಯೆಗಳಲ್ಲಿ ದೊಡ್ಡದನ್ನ ಹುಡುಕೋದು.

'ಇದಕ್ಕಿಂತ ಅದು ದೊಡ್ಡದಾ' ಅಂತ ಕೇಳೋ ಚಿಹ್ನೆಯೇ ಆ ಭಾಷೆಯಲ್ಲಿ ಇರಲಿಲ್ಲ. ಇದುವರೆಗಿನ ದೊಡ್ಡ ಸಂಖ್ಯೆಯಿಂದ ಹೊಸದನ್ನ ಕಳೆಯಬೇಕು. ಮೈನಸ್ ಬಂದರೆ ಹೊಸದೇ ದೊಡ್ಡದು, ಅದನ್ನ 'ಬಿಗ್‌ಎ' ಒಳಗೆ ಇಡು.

ಶುರುವಿನಲ್ಲಿ ಬಿಗ್‌ಎ ಒಳಗೆ ಏನಿತ್ತು? ಸೊನ್ನೆಯಲ್ಲ, ಸಾಲಿನ ಮೊದಲ ಸಂಖ್ಯೆ. ಜಾಣತನ ಇರೋದೇ ಇಲ್ಲಿ. ಅಂಟಾರ್ಕ್ಟಿಕಾದ ಚಳಿಗಾಲದ ಉಷ್ಣಾಂಶ ಕೊಟ್ಟು ನೋಡಿ, ಎಲ್ಲವೂ ಮೈನಸ್. ಸೊನ್ನೆಯಿಂದ ಹೊರಟರೆ ಪಟ್ಟಿಯಲ್ಲೇ ಇಲ್ಲದ ಸೊನ್ನೆ ಗೆದ್ದುಬಿಡುತ್ತೆ. ಎರರ್ ಕೂಡ ಬರಲ್ಲ! (ಕಾಲೇಜು ಲ್ಯಾಬ್‌ನಲ್ಲಿ ನಾನೂ ಹೀಗೇ ಮಾಡಿದ್ದೆ ಅನ್ನಿ.)

ಇಡೀ ಅರೇಗೆ ಒಂದೇ ಪದ ಸಾಕು ಅನ್ನೋ 'ಮ್ಯಾಕ್ಸ್‌ವ್ಯಾಲ್' ಸೇರಿದ್ದು ಫೋರ್ಟ್ರಾನ್ 90ರಲ್ಲಿ. ಅಲ್ಲಿವರೆಗೆ ಮೂರು ದಶಕ, ಬಹಳಷ್ಟು ವಿಜ್ಞಾನಿಗಳು ಈ ಲೂಪನ್ನ ಕೈಯಾರೆ ಬರೀತಾನೇ ಇದ್ರು.