ತೊಟ್ಟಿಯ ಚಿನ್ನದ ಮೀನು, ಹೊಳೆಯ ಮಹಶೀರ್



ಕೌದಳ್ಳಿಯ ನಮ್ಮ ಮನೆಯ ಹಿತ್ತಲಿನಲ್ಲಿ ಎಂಟಡಿ ಉದ್ದ, ಮೂರಡಿ ಆಳದ ಒಂದು ಕಲ್ಲುತೊಟ್ಟಿ ಇದೆ. ದನಕರುಗಳ ನೀರಿಗೆಂದು ನಮ್ಮ ತಂದೆಯವರು ಕಟ್ಟಿಸಿದ್ದು. ಕೊಟ್ಟಿಗೆ ಬರಿದಾದ ಮೇಲೆ, ನಾನು ನಿವೃತ್ತನಾದ ಮರುವರ್ಷ, ಅದರಲ್ಲಿ ಚಿನ್ನದ ಮೀನು ಸಾಕಬೇಕೆಂಬ ಆಸೆ ಹುಟ್ಟಿತು. ಮೈಸೂರಿನಿಂದ ಆರು ಮೀನುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿಸಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದೆ. ಪಕ್ಕದ ಮನೆಯ ಅಜ್ಜಿ ತೊಟ್ಟಿಯೊಳಗೆ ಬಗ್ಗಿ ನೋಡಿ, "ಇವು ನಮ್ಮೂರ ಬಿಸ್ಲು ತಡ್ಕಂದವಾ ಮೇಷ್ಟ್ರೇ?" ಎಂದರು.

ಆ ಆರೂ ಮೀನುಗಳು ಒಂದು ವಾರದೊಳಗೆ ಸತ್ತವು. ತಪ್ಪು ಬಿಸಿಲಿನದಲ್ಲ, ನನ್ನದು. ಮೀನಿಗೆ ಹಸಿವಾದೀತೆಂದು ಮೂರು ಹೊತ್ತೂ ಪುರಿ, ಅನ್ನ ಎಸೆದಿದ್ದೆ. ತಿನ್ನದೆ ಉಳಿದದ್ದು ತಳದಲ್ಲಿ ಕೊಳೆತು ನೀರು ವಿಷವಾಯಿತು. ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದವನು ಈ ಪಾಠವನ್ನು ಸತ್ತ ಮೀನುಗಳಿಂದ ಕಲಿತೆ.

ಎರಡನೆಯ ಸಲ ಅವಸರಪಡಲಿಲ್ಲ. ನೀರು ತುಂಬಿಸಿ, ಮೂಲೆಯಲ್ಲಿ ನೈದಿಲೆಯ ಗೆಡ್ಡೆ ನೆಟ್ಟು, ಕಲ್ಲಿನ ಮೇಲೆ ಹಸಿರು ಪಾಚಿ ಹಿಡಿಯುವವರೆಗೆ ಕಾದೆ. ಕಾದ ನೀರಿನಲ್ಲಿ ಪ್ರಾಣವಾಯು ಕಡಿಮೆ ಕರಗುತ್ತದೆ. ಆದ್ದರಿಂದ ಮಧ್ಯಾಹ್ನದ ಬಿಸಿಲು ಬೀಳದಂತೆ ತೆಂಗಿನ ಗರಿಯ ಚಪ್ಪರ ಹಾಕಿಸಿದೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ, ಅದೂ ದಿನಕ್ಕೆ ಒಮ್ಮೆ. ಕಣ್ಣು ಉಬ್ಬಿದ, ತಲೆಯ ಮೇಲೆ ಗಡ್ಡೆ ಬೆಳೆಯುವ ನಾಜೂಕು ತಳಿಗಳನ್ನು ಬಿಟ್ಟು, ಬೀಸಣಿಗೆಯಂತಹ ಜೋಡಿಬಾಲದ ಗಟ್ಟಿ ತಳಿಯನ್ನೇ ಆರಿಸಿದೆ. ಒಂದೆರಡನ್ನು ಮಿಂಚುಳ್ಳಿ ಒಯ್ದಿತು. ಉಳಿದವು ಬದುಕಿ ಮರಿಮಾಡಿದವು. ಶಿವರಾತ್ರಿ, ಯುಗಾದಿಗಳಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದುಹೋಗುವ ಭಕ್ತರು ನೀರು ಕುಡಿಯಲು ಬಂದು, ತೊಟ್ಟಿಯ ಬಳಿ ಒಂದು ಗಳಿಗೆ ನಿಂತು ಹೋಗುತ್ತಿದ್ದರು.

ಚರಿತ್ರೆಯ ಮೇಷ್ಟ್ರಾದ ನನಗೆ ಈ ಮೀನಿನ ಪೂರ್ವೋತ್ತರವನ್ನು ಅರಿಯದೆ ಸಮಾಧಾನವಿರಲಿಲ್ಲ. ಅದು ನಮ್ಮ ದೇಶದ್ದಲ್ಲ, ಚೀನಾದ್ದು. ಅಲ್ಲಿನ ಮಾಸಲು ಬಣ್ಣದ ಒಂದು ಕೆರೆಮೀನಿನಲ್ಲಿ ಎಂದೋ ಒಮ್ಮೊಮ್ಮೆ ಕೆಂಪು, ಹೊಂಬಣ್ಣದ ಮರಿಗಳು ಹುಟ್ಟುತ್ತಿದ್ದವು. ಸೋಂಗ್ ವಂಶದ ಕಾಲದಲ್ಲಿ ಅವನ್ನು ಬೇರೆಮಾಡಿ ಕೊಳಗಳಲ್ಲಿ ಸಾಕತೊಡಗಿದರು. ಚಕ್ರವರ್ತಿ ಗಾವ್‌ಜೋಂಗ್ 1162ರಲ್ಲಿ ಪಟ್ಟ ತ್ಯಜಿಸಿ, ಹಾಂಗ್‌ಚೌ ನಗರದ ಅರಮನೆಯೊಂದರಲ್ಲಿ ನೆಲೆಸಿ, ಅಲ್ಲಿನ ಕೊಳದಲ್ಲಿ ಇಂತಹ ಮೀನುಗಳನ್ನು ಕೂಡಿಸಿದನು.

ಅದೇ ಶತಮಾನದಲ್ಲಿ ನಮ್ಮ ನಾಡಿನಲ್ಲಿ ಏನು ನಡೆದಿತ್ತು? ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ರಚಿಸಿದನು. ಅದರಲ್ಲಿ 'ಮತ್ಸ್ಯವಿನೋದ'ವೆಂಬ ಭಾಗವೇ ಇದೆ. ಮೀನಿನ ಜಾತಿಗಳಾವುವು, ಯಾವುದಕ್ಕೆ ಎಂತಹ ಆಹಾರ ಹಿತ, ಗಾಳ ಹಾಕುವುದು ಹೇಗೆ ಎಂಬುದೆಲ್ಲ ಅಲ್ಲಿ ಬಂದಿದೆ. ಮತ್ಸ್ಯಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ ಅವರು ಇದನ್ನು ಅಭ್ಯಾಸ ಮಾಡಿ ವಿದ್ವಾಂಸರ ಗಮನಕ್ಕೆ ತಂದರು. ಇಬ್ಬರು ಅರಸರೂ ಮೀನಿಗೆ ಉಣಿಸಿದವರೇ. ಒಬ್ಬನಿಗೆ ಅದನ್ನು ಗಾಳಕ್ಕೆ ಬೀಳಿಸುವುದು ವಿನೋದ. ಇನ್ನೊಬ್ಬನಿಗೆ ಅದರ ಬಣ್ಣವನ್ನು ನೋಡುತ್ತ ಕೂರುವುದು ವಿನೋದ. ನಮ್ಮ ಅರಸರೂ ಬಣ್ಣದ ಬೆನ್ನು ಹತ್ತಿದ್ದರೆ ಎಂತಹ ತಳಿಗಳು ಹುಟ್ಟುತ್ತಿದ್ದವೋ ಎಂದು ಕುತೂಹಲವಾಗುತ್ತದೆ.

ಮಿಂಗ್ ವಂಶದ ಕಾಲಕ್ಕೆ ಚೀನಾದಲ್ಲಿ ಮೀನುಗಳು ಕೊಳದಿಂದ ಮಣ್ಣಿನ ಹರವಿಗಳಿಗೆ ಬಂದವು. ವೈರಿಯ ಭಯವಿಲ್ಲದ ಆ ಕಿರುನೀರಿನಲ್ಲಿ ಈಜಲು ತೊಡಕಾಗುವ ಜೋಡಿಬಾಲದ ಮರಿಯೂ ಬದುಕಿತು. ಅದನ್ನೇ ಜನ ಮೆಚ್ಚಿ ಬೆಳೆಸಿದರು. ಒಂದು ವಂಶವಾಹಿಯಲ್ಲಾದ ಬದಲಾವಣೆಯಿಂದ ಬಾಲ ಇಬ್ಭಾಗವಾಯಿತೆಂದು ವಿಜ್ಞಾನಿಗಳು 2014ರಲ್ಲಿ ತೋರಿಸಿದ್ದಾರೆ. ಜಪಾನಿನ ಯಾಮಾತೊಕೋರಿಯಾಮಾ ಊರಿಗೆ 1724ರಲ್ಲಿ ವರ್ಗವಾಗಿ ಬಂದ ಯಾನಾಗಿಸಾವಾ ಮನೆತನದ ಪಾಳೆಯಗಾರನೊಡನೆ ಈ ಮೀನೂ ಬಂದಿತು. ಮುಂದೆ ಅಲ್ಲಿನ ಬಡ ಸಮುರಾಯ್ ಯೋಧರಿಗೆ ಇದರ ಸಾಕಣೆ ಉಪಕಸುಬಾಯಿತು. ಯುರೋಪಿಗೆ ಹದಿನೇಳನೆಯ ಶತಮಾನದಲ್ಲಿ ತಲುಪಿ, 1758ರಲ್ಲಿ ಲಿನೇಯಸ್‌ನಿಂದ ಶಾಸ್ತ್ರೀಯ ಹೆಸರು ಪಡೆಯಿತು.

ಇಷ್ಟೆಲ್ಲ ಓದಿ ಬರೆದಿಟ್ಟುಕೊಂಡಿದ್ದು ಉಪಯೋಗಕ್ಕೆ ಬಂದದ್ದು ಊರು ಬಿಡುವ ಸಮಯದಲ್ಲಿ. ವಯಸ್ಸಾಯಿತು, ಮೈಸೂರಿಗೆ ಬಂದುಬಿಡಿ ಎಂದು ಮಗ ಒತ್ತಾಯಿಸಿದ. ತೊಟ್ಟಿಯಲ್ಲಿ ಆಗ ಇಪ್ಪತ್ತಕ್ಕೂ ಹೆಚ್ಚು ಮೀನುಗಳಿದ್ದವು. "ತಾತ, ಎಲ್ಲಾನೂ ಕೆರೆಗೆ ಬಿಟ್ಟುಬಿಡೋಣ, ಆರಾಮಾಗಿರ್ತವೆ" ಎಂದ ಮೊಮ್ಮಗ. ನನಗೂ ಅದು ಪುಣ್ಯದ ಕೆಲಸವಾಗಿಯೇ ಕಂಡಿತು. ಬಕೆಟ್ಟು ಕೈಗೆತ್ತಿಕೊಂಡೂ ಆಗಿತ್ತು.

ಆಗ ನೆನಪಾದದ್ದು ನಮ್ಮ ಕಾವೇರಿಯ ಮಹಶೀರ್. ಬೆನ್ನು ಉಬ್ಬಿದ, ಕಿತ್ತಳೆ ಬಣ್ಣದ ಈಜುರೆಕ್ಕೆಯ ಈ ಮಹಾಮೀನು ಕಾವೇರಿ ಮತ್ತು ಅದರ ಉಪನದಿಗಳಲ್ಲಲ್ಲದೆ ಜಗತ್ತಿನ ಬೇರೆಲ್ಲಿಯೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗುವ ಮಹಶೀರನ್ನು ಹಿಡಿದಿದ್ದರು. 1970ರ ದಶಕದಿಂದೀಚೆಗೆ, ಮೀನಿನ ಸಂತತಿ ಹೆಚ್ಚಲೆಂಬ ಸದುದ್ದೇಶದಿಂದಲೇ, ಬೇರೆಡೆ ಮರಿಮಾಡಿಸಿದ ನೀಲಿ ಈಜುರೆಕ್ಕೆಯ ಮಹಶೀರನ್ನು ಕಾವೇರಿಗೆ ಬಿಡಲಾಯಿತು. ಗಾಲಿಬೋರೆಯ ಬಳಿ ಗಾಳ ಹಾಕುತ್ತಿದ್ದವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ನೋಡಿದರೆ, ನೀಲಿರೆಕ್ಕೆಯದು ಹೆಚ್ಚುತ್ತ ಹೋಗಿ ನಮ್ಮದು ಕ್ಷೀಣಿಸಿದ್ದು ಕಾಣುತ್ತದೆ. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದಿನ ಬೇಟೆಗಳೂ ಅದನ್ನು ಕಾಡಿದವು. ಅದರ ಶಾಸ್ತ್ರೀಯ ಹೆಸರು ನಿಶ್ಚಯವಾದದ್ದು 2018ರಲ್ಲಿ. ವಿನಾಶದ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿದ್ದೂ ಅದೇ ವರ್ಷ.

1952ರಲ್ಲಿ ಭಾರತಕ್ಕೆ ಬಂದ ಜಿಲೇಬಿ ಮೀನು ಇಂದು ಕೆರೆಕೆರೆಗಳಲ್ಲಿ ತುಂಬಿದೆ. ಚಿನ್ನದ ಮೀನೂ ಸಾಧುವೇನಲ್ಲ. ಆಸ್ಟ್ರೇಲಿಯಾದ ವಾಸ್ ನದಿಯಲ್ಲಿ ಯಾರೋ ಬಿಟ್ಟ ಸಾಕುಮೀನುಗಳ ಸಂತತಿ ಎರಡು ಕಿಲೋದಷ್ಟು ಬೆಳೆದು, ತಳ ಕೆದಕಿ ನೀರು ಕದಡುತ್ತಿದೆ. ಜೋಡಿಬಾಲದ ನನ್ನ ಮೀನುಗಳು ಕೆರೆಯಲ್ಲಿ ಒಂದೋ ಕೊಕ್ಕರೆಯ ಪಾಲಾಗುತ್ತಿದ್ದವು, ಇಲ್ಲವೇ ಅಲ್ಲಿನ ಮೀನುಗಳಿಗೆ ಕಂಟಕವೋ ರೋಗವೋ ಆಗುತ್ತಿದ್ದವು. ಒಂಬೈನೂರು ವರ್ಷ ಮನುಷ್ಯನ ಕೈಯಲ್ಲಿ ಬೆಳೆದ ಜೀವಕ್ಕೆ ಮನುಷ್ಯನೇ ಹೊಣೆ. ಅದನ್ನು ನೀರಿಗೆ ಬಿಟ್ಟು ಕೈ ತೊಳೆದುಕೊಳ್ಳುವುದು ದಯೆಯಲ್ಲ.

ಬಕೆಟ್ಟನ್ನು ಕೆಳಗಿಟ್ಟೆ. ಮೊಮ್ಮಗನಿಗೆ ಕಾರಣ ಹೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಇವನ್ನ ನೋಡ್ಕೊಳ್ಳೋರು ಯಾರು?" ಎಂದ. ಅದೇ ಸರಿಯಾದ ಪ್ರಶ್ನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ನಮ್ಮ ಮನೆಯಲ್ಲಿಯೇ ಬಾಡಿಗೆಗೆ ಇದ್ದಾನೆ. ಬಾಡಿಗೆಯಲ್ಲಿ ನೂರು ರೂಪಾಯಿ ಕಡಿಮೆ, ಮೀನುಗಳ ಹೊಣೆ ಅವನದು. ದಿನಕ್ಕೆ ಒಂದೇ ಸಲ, ಎರಡು ನಿಮಿಷದಷ್ಟೇ ಆಹಾರ ಎಂದು ತೊಟ್ಟಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಬಂದೆ. ಮಳೆಗೆ ಅಳಿಸಿಹೋದಾಗಲೆಲ್ಲ ತಾನೇ ಮತ್ತೆ ಬರೆಯುತ್ತಾನಂತೆ.