ಆಕಾಶದ ಹೃದಯ, ನೆಲದ ಬೆಂಕಿ



ವಿಮಾನದ ಸದ್ದು ಕೇಳಿದ ಕೂಡಲೇ ತಲೆಯೆತ್ತಿ ನೋಡುವುದು ಎಲ್ಲ ವಯಸ್ಸಿನವರ ಅಭ್ಯಾಸ. ಒಂದು ವಿಮಾನ ನೇರವಾಗಿ ಹೋದರೇ ಹೀಗೆ. ಒಂಬತ್ತು ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರ ಬಂದು, ಬಣ್ಣದ ಹೊಗೆಯಲ್ಲಿ ಆಕಾಶದ ಮೇಲೆ ಚಿತ್ರ ಬರೆದರೆ ಕಣ್ಣು ಕೀಳಲು ಯಾರಿಗೆ ಸಾಧ್ಯ? ಆದರೆ ಅದೇ ಆಕಾಶ ಒಮ್ಮೊಮ್ಮೆ ನೋಡುಗರ ಮೇಲೆಯೇ ಕುಸಿದಿದೆ. 1988ರ ಆಗಸ್ಟ್ 28ರಂದು ಆಗಿನ ಪಶ್ಚಿಮ ಜರ್ಮನಿಯ ರಾಮ್‌ಸ್ಟೈನ್‌ನಲ್ಲಿ ನಡೆದ ದುರಂತದ ಕಥೆಯನ್ನು ಈ ಪುಟಗಳಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಇದು ಇತಿಹಾಸದ ಪಾಠವೂ ಹೌದು, ನೀವು ಭೌತಶಾಸ್ತ್ರದ ತರಗತಿಯಲ್ಲಿ ಕಲಿತ ಒಂದು ಸರಳ ನಿಯಮದ ಪಾಠವೂ ಹೌದು.

ಪ್ರದರ್ಶನ ಏತಕ್ಕೆ?

ರೈಟ್ ಸಹೋದರರು ಮೊದಲು ಹಾರಿದ್ದು 1903ರಲ್ಲಿ. ಆರೇ ವರ್ಷಗಳಲ್ಲಿ, 1909ರ ಆಗಸ್ಟ್‌ನಲ್ಲಿ, ಫ್ರಾನ್ಸಿನ ರ್‍ಯಾನ್ಸ್ ನಗರದ ಬಳಿ ದೊಡ್ಡ ಅಂತರರಾಷ್ಟ್ರೀಯ ವೈಮಾನಿಕ ಮೇಳ ನಡೆಯಿತು. ಮೊದಲ ಮಹಾಯುದ್ಧ ಮುಗಿದ ಮೇಲೆ ಸೇನೆಗಳೇ ಪ್ರದರ್ಶನಕ್ಕೆ ಇಳಿದವು. ಬ್ರಿಟನ್ನಿನ ವಾಯುಪಡೆ 1920ರಲ್ಲಿ ಲಂಡನ್ನಿನ ಹೆಂಡನ್‌ನಲ್ಲಿ ತನ್ನ ಪ್ರದರ್ಶನವನ್ನು ಆರಂಭಿಸಿತು.

ಸೇನೆಗೆ ಇದರಿಂದ ಏನು ಲಾಭ? ತೆರಿಗೆ ಕೊಡುವ ಪ್ರಜೆಗೆ ತನ್ನ ಹಣ ಏನಾಯಿತೆಂದು ಕಾಣುತ್ತದೆ. ನಿಮ್ಮಂಥ ತರುಣರಿಗೆ ಪೈಲಟ್ ಆಗುವ ಆಸೆ ಹುಟ್ಟುತ್ತದೆ. ಮಿತ್ರ ದೇಶಗಳಿಗೆ ಭರವಸೆ, ವೈರಿಗಳಿಗೆ ಎಚ್ಚರಿಕೆ. ಎರಡನೆಯ ಮಹಾಯುದ್ಧದ ನಂತರ ಹಲವು ದೇಶಗಳು ಇದಕ್ಕೆಂದೇ ಪ್ರತ್ಯೇಕ ತಂಡಗಳನ್ನು ಕಟ್ಟಿದವು. ಇಟಲಿಯ 'ಫ್ರೆಚ್ಚೆ ತ್ರಿಕೊಲೋರಿ' ಅವುಗಳಲ್ಲಿ ಹೆಸರಾದದ್ದು. ಹಾಗೆಂದರೆ ತ್ರಿವರ್ಣದ ಬಾಣಗಳು. 1961ರಲ್ಲಿ ಹುಟ್ಟಿದ ಈ ತಂಡದಲ್ಲಿ ಹತ್ತು ವಿಮಾನಗಳು. ಬಿಡುವ ಹೊಗೆ ಇಟಲಿಯ ಧ್ವಜದ ಹಸಿರು, ಬಿಳಿ, ಕೆಂಪು.

ಬಾಣ ನಾಟುವ ಹೃದಯ

ರಾಮ್‌ಸ್ಟೈನ್ ಅಮೆರಿಕದ ವಾಯುಪಡೆಯ ದೊಡ್ಡ ನೆಲೆ. 1988ರ ಆ ಭಾನುವಾರ ಅಲ್ಲಿ ಸುಮಾರು ಮೂರು ಲಕ್ಷ ಜನ ಸೇರಿದ್ದರು. ಅಮೆರಿಕದ ಸೈನಿಕರ ಕುಟುಂಬಗಳು, ಸುತ್ತಲಿನ ಊರುಗಳ ಜರ್ಮನರು, ಮಕ್ಕಳು, ಮುದುಕರು. ಜಾತ್ರೆಯ ವಾತಾವರಣ. ತಿಂಡಿ ಅಂಗಡಿಗಳು, ಅವಕ್ಕೆ ಐಸ್‌ಕ್ರೀಂ ಒದಗಿಸುವ ಶೀತಲ ವಾಹನ, ನೆಲದ ಮೇಲೆ ನಿಲ್ಲಿಸಿದ ಯುದ್ಧವಿಮಾನಗಳು. ಚೆನ್ನಾಗಿ ಕಾಣಲೆಂದು ಜನ ರನ್‌ವೇ ಕಡೆಗಿನ ಬೇಲಿಯ ಪಕ್ಕ ಒತ್ತೊತ್ತಾಗಿ ನಿಂತಿದ್ದರು.

ಮಧ್ಯಾಹ್ನ ಇಟಲಿಯ ತಂಡದ ಸರದಿ. ಅವರ ಪ್ರಸಿದ್ಧ ಕಸರತ್ತೊಂದರ ಹೆಸರು 'ಬಾಣ ನಾಟಿದ ಹೃದಯ'. ಒಂಬತ್ತು ವಿಮಾನಗಳು ಒಟ್ಟಿಗೆ ಮೇಲೇರಿ, ಎರಡು ಗುಂಪಾಗಿ ಒಡೆದು, ಎಡಬಲಕ್ಕೆ ಬಾಗಿ ಕೆಳಗಿಳಿಯುತ್ತವೆ. ಹೊಗೆಯಲ್ಲಿ ಹೃದಯದ ಆಕಾರ ಮೂಡುತ್ತದೆ. ಹೃದಯದ ಕೆಳತುದಿಯಲ್ಲಿ, ನೆಲದಿಂದ ಕೆಲವೇ ಹತ್ತು ಮೀಟರುಗಳ ಮೇಲೆ, ಎರಡೂ ಗುಂಪುಗಳು ಎದುರುಬದುರಾಗಿ ದಾಟುತ್ತವೆ. ಅದೇ ಹೊತ್ತಿಗೆ ಹತ್ತನೆಯ ವಿಮಾನ ಬಾಣದಂತೆ ಹೃದಯದ ನಡುವೆ ತೂರಿ ಬರಬೇಕು. ಅದು ಬರುವ ದಿಕ್ಕು ಪ್ರೇಕ್ಷಕರ ಕಡೆಗೆ. ನೋಡುವವರಿಗೆ ಬಾಣ ತಮ್ಮತ್ತಲೇ ಬಂದಂತೆ ಅನ್ನಿಸಬೇಕು. ಆ ಕಸರತ್ತಿನ ರೋಮಾಂಚನವೇ ಅದು.

ಅಂದು ಬಾಣದ ವಿಮಾನ ಬರಬೇಕಾದ ಕ್ಷಣಕ್ಕಿಂತ ಮೊದಲೇ, ಇರಬೇಕಾದ ಎತ್ತರಕ್ಕಿಂತ ಕೆಳಗೆ, ದಾಟುವ ಬಿಂದುವಿಗೆ ಬಂದುಬಿಟ್ಟಿತು. ಅದನ್ನು ಹಾರಿಸುತ್ತಿದ್ದವರು ಅನುಭವಿ ಪೈಲಟ್ ಇವೊ ನುತರೆಲ್ಲಿ. ಅವರ ವಿಮಾನ ತಂಡದ ಎರಡು ವಿಮಾನಗಳಿಗೆ ಬಡಿಯಿತು. ಅವುಗಳಲ್ಲಿದ್ದವರು ತಂಡದ ನಾಯಕ ಮಾರಿಯೊ ನಲ್ದೀನಿ ಮತ್ತು ಜಾರ್ಜೊ ಅಲೆಸ್ಸಿಯೊ. ಮೂವರೂ ತೀರಿಕೊಂಡರು. ಒಂದು ವಿಮಾನ ಚೂರುಚೂರಾಗಿ ರನ್‌ವೇ ಉದ್ದಕ್ಕೂ ಹರಡಿತು. ನಲ್ದೀನಿಯವರ ವಿಮಾನ, ತುರ್ತು ಚಿಕಿತ್ಸೆಗೆಂದೇ ಸಿದ್ಧವಾಗಿ ನಿಂತಿದ್ದ ಹೆಲಿಕಾಪ್ಟರಿಗೆ ಬಡಿಯಿತು. ಆ ಹೆಲಿಕಾಪ್ಟರಿನ ಅಮೆರಿಕನ್ ಪೈಲಟ್ ಸುಟ್ಟ ಗಾಯಗಳಿಂದ ಕೆಲವು ವಾರಗಳ ನಂತರ ಸತ್ತರು. ನುತರೆಲ್ಲಿಯವರ ವಿಮಾನ ನೆಲಕ್ಕೆ ಬಿದ್ದು, ಉರಿಯುವ ಇಂಧನದ ಉಂಡೆಯಾಗಿ, ಜನರ ಮಧ್ಯಕ್ಕೆ ನುಗ್ಗಿತು. ಐಸ್‌ಕ್ರೀಂ ವಾಹನಕ್ಕೆ ಒರಗಿ ಅದು ನಿಂತಿತು.

ಒಟ್ಟು 70 ಜನ ಪ್ರಾಣ ಕಳೆದುಕೊಂಡರು. ನೂರಾರು ಜನ ತೀವ್ರವಾಗಿ ಗಾಯಗೊಂಡರು. ಸತ್ತವರಲ್ಲಿ ಹಲವರು ಆ ದಿನ ಸಾಯಲಿಲ್ಲ. ಆಸ್ಪತ್ರೆಗಳಲ್ಲಿ ದಿನಗಟ್ಟಲೆ, ವಾರಗಟ್ಟಲೆ ನರಳಿ ಸತ್ತರು.

ಕ್ಯಾಮೆರಾ ಕಂಡದ್ದು, ಕಾಣದ್ದು

ರಾಮ್‌ಸ್ಟೈನ್‌ನ ದೃಶ್ಯ ನಿಮ್ಮಲ್ಲಿ ಕೆಲವರಿಗಾದರೂ ಪರಿಚಿತವಿರಬಹುದು. ಅಂದು ಪ್ರೇಕ್ಷಕರ ಕೈಯಲ್ಲಿ ವಿಡಿಯೋ ಕ್ಯಾಮೆರಾಗಳಿದ್ದವು. ಡಿಕ್ಕಿ, ಬೆಂಕಿ, ಓಡುವ ಜನ, ಎಲ್ಲವೂ ಹಲವು ಕೋನಗಳಿಂದ ಚಿತ್ರಿತವಾದವು. ಆ ತುಣುಕುಗಳನ್ನು ಪ್ರಪಂಚದ ಟೆಲಿವಿಷನ್‌ಗಳು ಮತ್ತೆ ಮತ್ತೆ ತೋರಿಸಿದವು.

ದೃಶ್ಯಗಳನ್ನು ಕತ್ತರಿಸಿ ಜೋಡಿಸುವುದು ನನ್ನ ವೃತ್ತಿ. ಆದ್ದರಿಂದ ಒಂದು ಮಾತು ಹೇಳಬಲ್ಲೆ. ಕ್ಯಾಮೆರಾ ಬೆಂಕಿಯನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಬೆಂಕಿ ಕೆಲವೇ ಸೆಕೆಂಡುಗಳ ಘಟನೆ. ರಾಮ್‌ಸ್ಟೈನ್‌ನ ನಿಜವಾದ ಇತಿಹಾಸ ಅದರ ನಂತರದ ಗಂಟೆಗಳಲ್ಲಿದೆ, ಅದರ ಬಹುಭಾಗ ಯಾವ ಟೇಪಿನಲ್ಲೂ ಇಲ್ಲ.

ಆ ಗಂಟೆಗಳಲ್ಲಿ ಏನಾಯಿತು? ನೆಲೆ ಅಮೆರಿಕದ್ದು, ಸುತ್ತಲಿನ ಆಸ್ಪತ್ರೆಗಳು ಹೆಚ್ಚಾಗಿ ಜರ್ಮನಿಯವು. ಗಾಯಾಳುವನ್ನು ಸಿಕ್ಕ ವಾಹನದಲ್ಲಿ ಹಾಕಿಕೊಂಡು ಬೇಗ ಆಸ್ಪತ್ರೆಗೆ ಸಾಗಿಸಬೇಕು ಎಂಬುದು ಅಮೆರಿಕನ್ ಸೈನಿಕರ ಪದ್ಧತಿ. ಮೊದಲು ಸ್ಥಳದಲ್ಲೇ ಚಿಕಿತ್ಸೆ ಕೊಟ್ಟು ಸ್ಥಿಮಿತಕ್ಕೆ ತಂದು ಆಮೇಲೆ ಸಾಗಿಸಬೇಕು ಎಂಬುದು ಜರ್ಮನ್ ವೈದ್ಯರ ಪದ್ಧತಿ. ಎರಡಕ್ಕೂ ಕಾರಣಗಳಿವೆ. ಆದರೆ ಎರಡೂ ಒಂದೇ ಮೈದಾನದಲ್ಲಿ, ಒಬ್ಬರಿಗೊಬ್ಬರು ತಿಳಿಸದೆ ನಡೆದಾಗ ಗೊಂದಲವಾಯಿತು. ಯಾರನ್ನು ಎಲ್ಲಿಗೆ ಕಳಿಸಲಾಗಿದೆ ಎಂಬ ಒಟ್ಟು ಲೆಕ್ಕ ಯಾರ ಬಳಿಯೂ ಇರಲಿಲ್ಲ. ಸುಟ್ಟ ಗಾಯದವರನ್ನು ತುಂಬಿಕೊಂಡ ಒಂದು ಬಸ್ಸು, ಪ್ರದೇಶದ ದಾರಿ ತಿಳಿಯದ ಚಾಲಕನೊಂದಿಗೆ, ಲುಡ್ವಿಗ್ಸ್‌ಹಾಫೆನ್ ನಗರದ ಆಸ್ಪತ್ರೆ ತಲುಪಿದ್ದು ಗಂಟೆಗಳ ನಂತರ.

ಇನ್ನೊಂದು ಸಣ್ಣ ವಿವರ ಕೇಳಿ. ಸುಟ್ಟವರ ದೇಹದಿಂದ ದ್ರವ ವೇಗವಾಗಿ ಸೋರಿಹೋಗುತ್ತದೆ. ರಕ್ತನಾಳಕ್ಕೆ ಸಲೈನ್ ಹನಿಸುವುದು ಮೊದಲ ಕೆಲಸ. ಅಮೆರಿಕನ್ನರು ಚುಚ್ಚಿದ್ದ ನಳಿಕೆಗೆ ಜರ್ಮನರ ಸಲೈನ್ ಕೊಳವೆ ಜೋಡಿಸಲು ಬರುತ್ತಿರಲಿಲ್ಲ, ಏಕೆಂದರೆ ಅಳತೆ ಬೇರೆ. ಒಂದೇ ಸೈನಿಕ ಒಕ್ಕೂಟದ ಎರಡು ದೇಶಗಳು ಕ್ಷಿಪಣಿಗಳ ವಿಷಯದಲ್ಲಿ ಒಪ್ಪಂದ ಮಾಡಿಕೊಂಡಿದ್ದವು, ಒಂದು ಪ್ಲಾಸ್ಟಿಕ್ ಕೊಳವೆಯ ತುದಿಯ ವಿಷಯದಲ್ಲಿ ಮಾಡಿಕೊಂಡಿರಲಿಲ್ಲ. ವಿಜ್ಞಾನದ ವಿದ್ಯಾರ್ಥಿಗಳಾದ ನೀವು 'ಪ್ರಮಾಣೀಕರಣ' ಎಂಬ ಒಣ ಪದವನ್ನು ಓದುವಾಗ ಇದನ್ನು ನೆನೆಯಿರಿ.

ಕವಣೆಕಲ್ಲಿನ ಪಾಠ

ಈಗ ಭೌತಶಾಸ್ತ್ರಕ್ಕೆ ಬರೋಣ. ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸುವುದನ್ನು ನೋಡಿದ್ದೀರಲ್ಲ? ಕಲ್ಲು ವೃತ್ತಾಕಾರವಾಗಿ ಸುತ್ತುತ್ತದೆ. ಹಗ್ಗದ ಒಂದು ತುದಿ ಬಿಟ್ಟ ಕ್ಷಣ ಅದು ವೃತ್ತವನ್ನು ಮರೆತು, ಸ್ಪರ್ಶರೇಖೆಯ ದಿಕ್ಕಿನಲ್ಲಿ ನೇರ ಹೋಗುತ್ತದೆ. ಇದೇ ಜಡತ್ವ. ತಿರುವು ತೆಗೆದುಕೊಳ್ಳುತ್ತಿರುವ ವಿಮಾನಕ್ಕೆ ರೆಕ್ಕೆಯೇ ಹಗ್ಗ. ರೆಕ್ಕೆ ಮುರಿದರೆ, ಆ ಕ್ಷಣದಲ್ಲಿ ವಿಮಾನ ಯಾವ ಕಡೆಗೆ ಚಲಿಸುತ್ತಿತ್ತೋ ಆ ಕಡೆಗೇ ಅದರ ಚೂರುಗಳು ಹೋಗುತ್ತವೆ.

ಈ ಪಾಠವನ್ನು ಪ್ರಪಂಚ ರಾಮ್‌ಸ್ಟೈನ್‌ಗಿಂತ 36 ವರ್ಷ ಮೊದಲೇ ಕಲಿತಿತ್ತು. 1952ರ ಸೆಪ್ಟೆಂಬರ್ 6ರಂದು ಇಂಗ್ಲೆಂಡಿನ ಫಾರ್ನ್‌ಬರೋ ಪ್ರದರ್ಶನದಲ್ಲಿ, ಡಿ ಹ್ಯಾವಿಲ್ಯಾಂಡ್ ಸಂಸ್ಥೆಯ ಡಿ.ಎಚ್. 110 ಎಂಬ ಹೊಸ ಯುದ್ಧವಿಮಾನ ಹಾರುತ್ತಿತ್ತು. ಪೈಲಟ್ ಜಾನ್ ಡೆರ್ರಿ, ವೀಕ್ಷಕ ಆಂಟನಿ ರಿಚರ್ಡ್ಸ್. ಎತ್ತರದಿಂದ ಧುಮುಕಿ ಧ್ವನಿಯ ವೇಗ ಮೀರಿ, ಗುಡುಗಿನ ಸದ್ದು ಕೇಳಿಸಿ, ಆಮೇಲೆ ಕೆಳಗೆ ಬಂದು ಪ್ರೇಕ್ಷಕರ ಕಡೆಗೆ ತಿರುಗಿದಾಗ ವಿಮಾನ ಒಂದು ಸೆಕೆಂಡಿಗೂ ಕಡಿಮೆ ಸಮಯದಲ್ಲಿ ಒಡೆದುಹೋಯಿತು. ರೆಕ್ಕೆಯ ಮುಂಚೂಣಿಯ ರಚನೆ, ಮೇಲೇಳುವ ಬಲ ಮತ್ತು ಮಗ್ಗುಲಾಗುವ ಬಲ ಎರಡೂ ಒಟ್ಟಿಗೆ ಬಿದ್ದಾಗ ತಾಳಲಿಲ್ಲ. ಕಿತ್ತುಹೋದ ಎಂಜಿನ್ ಒಂದು ಕವಣೆಕಲ್ಲಿನಂತೆ ಬಂದು, ದಿಣ್ಣೆಯ ಮೇಲೆ ನಿಂತಿದ್ದ ಜನರ ಮೇಲೆ ಬಿತ್ತು. ಇಬ್ಬರು ವೈಮಾನಿಕರ ಜೊತೆ 29 ಪ್ರೇಕ್ಷಕರು ಸತ್ತರು.

ಆ ಬಳಿಕ ಬ್ರಿಟನ್ ಕಠಿಣ ನಿಯಮ ಮಾಡಿತು. ಜೆಟ್ ವಿಮಾನ ನೇರ ಹಾರುವಾಗ ಜನರಿಂದ ಸುಮಾರು 210 ಮೀಟರ್, ಕಸರತ್ತು ಮಾಡುವಾಗ ಸುಮಾರು 410 ಮೀಟರ್ ದೂರ ಇರಬೇಕು. ಎತ್ತರ 150 ಮೀಟರಿಗೆ ಕಡಿಮೆ ಇರಬಾರದು.

ದೂರವೊಂದೇ ಸಾಲದು, ದಿಕ್ಕೂ ಮುಖ್ಯ. ಲೆಕ್ಕ ಹಾಕಿ ನೋಡಿ. ವಿಮಾನದ ವೇಗ ಗಂಟೆಗೆ 500 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ ಸುಮಾರು 139 ಮೀಟರ್. ಅದು ನಿಮ್ಮತ್ತ ಮುಖ ಮಾಡಿದ್ದರೆ 300 ಮೀಟರ್ ದಾಟಲು ಬೇಕಾದ ಕಾಲ ಎರಡು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಏನಾಯಿತೆಂದು ಕಣ್ಣು ಮಿದುಳಿಗೆ ಹೇಳಿ, ಮಿದುಳು ಕಾಲಿಗೆ ಹೇಳುವಷ್ಟರಲ್ಲಿ ಆ ಹೊತ್ತು ಮುಗಿದಿರುತ್ತದೆ. ಅದೇ ವಿಮಾನ ಜನರಿಗೆ ಸಮಾನಾಂತರವಾಗಿ ಹೋಗುತ್ತಿದ್ದರೆ, ಚೂರುಗಳು ಬಹುಪಾಲು ಅದೇ ದಿಕ್ಕಿನಲ್ಲಿ, ಜನರನ್ನು ಬಿಟ್ಟು ಹೋಗುತ್ತವೆ. ರಾಮ್‌ಸ್ಟೈನ್‌ನಲ್ಲಿ ಬಾಣದ ದಿಕ್ಕೇ ಜನರ ಕಡೆಗಿತ್ತು. ಪೈಲಟ್ ಎಷ್ಟೇ ನಿಪುಣನಾಗಿರಲಿ, ಒಂದು ಕ್ಷಣದ ವ್ಯತ್ಯಾಸಕ್ಕೆ ನೆಲದ ಮೇಲಿನವರು ಪ್ರಾಣ ತೆರುವಂಥ ಯೋಜನೆ ಅದಾಗಿತ್ತು.

ರಕ್ತದಲ್ಲಿ ಬರೆದ ನಿಯಮಗಳು

ರಾಮ್‌ಸ್ಟೈನ್ ನಂತರ ಜರ್ಮನಿಯಲ್ಲಿ ಮೂರು ವರ್ಷ ವೈಮಾನಿಕ ಪ್ರದರ್ಶನಗಳು ನಿಷಿದ್ಧವಾದವು. ಆಮೇಲೆ ಬಿಗಿಯಾದ ನಿಯಮಗಳು ಬಂದವು. ಜನರ ಕಡೆಗೆ ಮುಖ ಮಾಡಿ ಕಸರತ್ತು ಮಾಡುವುದು ನಿಂತಿತು. ಬದುಕಿ ಉಳಿದವರ ಮತ್ತು ಸತ್ತವರ ಕುಟುಂಬದವರ ಮನಸ್ಸಿನ ಗಾಯಕ್ಕೆ ಯಾರೂ ಗಮನ ಕೊಡದಿದ್ದಾಗ ಯಾಟ್ಸ್ಕೋ ಎಂಬ ದಂಪತಿಗಳು ಅವರನ್ನು ಒಂದೆಡೆ ಸೇರಿಸಿ, ಮಾತಾಡಿಸಿ, ವರ್ಷಗಟ್ಟಲೆ ಸಂತೈಸಿದರು. ದುರಂತದ ನಂತರ ಮನಸ್ಸಿಗೂ ಚಿಕಿತ್ಸೆ ಬೇಕೆಂಬ ತಿಳಿವಳಿಕೆ ಜರ್ಮನಿಯಲ್ಲಿ ಬೇರೂರಲು ಅವರ ಕೆಲಸ ನೆರವಾಯಿತು.

ಆದರೂ ಪಾಠ ಎಲ್ಲೆಡೆ ತಲುಪಲಿಲ್ಲ. 2002ರ ಜುಲೈ 27ರಂದು ಉಕ್ರೇನಿನ ಲ್ವಿವ್ ನಗರದ ಸ್ಕ್ನಿಲಿವ್ ವಾಯುನೆಲೆಯಲ್ಲಿ ಸುಖೋಯ್-27 ವಿಮಾನ ಜನರ ಮೇಲೆ ಬಿದ್ದು 77 ಜನ ಸತ್ತರು. ಇಬ್ಬರು ಪೈಲಟ್‌ಗಳೂ ಹೊರಜಿಗಿದು ಬದುಕಿದರು, ಮುಂದೆ ಶಿಕ್ಷೆಗೆ ಗುರಿಯಾದರು. 2015ರಲ್ಲಿ ಬ್ರಿಟನ್ನಿನ ಶೋರಹ್ಯಾಂನಲ್ಲಿ ಹಳೆಯ ಹಂಟರ್ ವಿಮಾನ ಬಿದ್ದದ್ದು ಪ್ರದರ್ಶನದ ಅಂಗಳದ ಹೊರಗಿನ ಹೆದ್ದಾರಿಯ ಮೇಲೆ. ಅಲ್ಲಿ 11 ಜನ ಸತ್ತರು. ಬೇಲಿಯ ಒಳಗಿನವರನ್ನು ಕಾಪಾಡಲು ಮಾಡಿದ ನಿಯಮ ರಸ್ತೆಯಲ್ಲಿದ್ದವರನ್ನು ಕಾಪಾಡಲಿಲ್ಲ.

ಬೀದರಿನಿಂದ ಯಲಹಂಕಕ್ಕೆ

ಇದು ದೂರದೇಶದ ಕಥೆ ಮಾತ್ರ ಎಂದುಕೊಳ್ಳಬೇಡಿ. ನಮ್ಮ ವಾಯುಪಡೆಯ 'ಸೂರ್ಯಕಿರಣ' ತಂಡ 1996ರಲ್ಲಿ ರೂಪುಗೊಂಡದ್ದು ಬೀದರಿನಲ್ಲಿ. ಅದು ಮೊದಲು ಹಾರಿಸಿದ ಕಿರಣ್ ವಿಮಾನ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯ ಕೂಸು, 1964ರಲ್ಲಿ ಮೊದಲ ಬಾರಿಗೆ ಹಾರಿದ್ದು. ಯಲಹಂಕದ ಏರೋ ಇಂಡಿಯಾ ಮೇಳ ಆರಂಭವಾದದ್ದೂ 1996ರಲ್ಲೇ. ಈ ತಂಡ 2006ರಲ್ಲಿ ಬೀದರಿನ ಬಳಿ ಇಬ್ಬರು ಪೈಲಟ್‌ಗಳನ್ನು, 2009ರಲ್ಲಿ ಅಲ್ಲೇ ಒಬ್ಬರನ್ನು ಕಳೆದುಕೊಂಡಿತು. 2019ರ ಫೆಬ್ರವರಿ 19ರಂದು, ಮೇಳ ಆರಂಭವಾಗುವ ಹಿಂದಿನ ದಿನ, ಯಲಹಂಕದಲ್ಲಿ ತಾಲೀಮು ನಡೆಸುತ್ತಿದ್ದ ಎರಡು ಹಾಕ್ ವಿಮಾನಗಳು ಡಿಕ್ಕಿ ಹೊಡೆದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ಇನ್ನಿಬ್ಬರು ಹೊರಜಿಗಿದು ಉಳಿದರು. ಮರುದಿನ ಮೇಳ ಆರಂಭವಾಯಿತು.

2025ರ ನವೆಂಬರ್ 21ರಂದು ದುಬೈ ಪ್ರದರ್ಶನದಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ತೇಜಸ್ ವಿಮಾನ ಬಿದ್ದು ವಿಂಗ್ ಕಮಾಂಡರ್ ನಮನ್ಶ್ ಸ್ಯಾಲ್ ಮೃತರಾದರು. ಪ್ರೇಕ್ಷಕರಿಗೆ ಅಪಾಯವಾಗಲಿಲ್ಲ.

ಆಟ ಮುಂದುವರಿಯಬೇಕೆ?

ಒಂದು ಪ್ರಶ್ನೆ ಉಳಿಯುತ್ತದೆ. 1952ರಲ್ಲಿ ಫಾರ್ನ್‌ಬರೋದಲ್ಲಿ ರನ್‌ವೇ ಗುಡಿಸಿದ ಕೂಡಲೇ ಡೆರ್ರಿಯವರ ಸಹೋದ್ಯೋಗಿ ಪೈಲಟ್ ನೆವಿಲ್ ಡ್ಯೂಕ್ ತಮ್ಮ ಹಂಟರ್ ವಿಮಾನ ಏರಿ ಅದೇ ಆಕಾಶದಲ್ಲಿ ಹಾರಿದರು. ಪ್ರಧಾನಿ ಚರ್ಚಿಲ್ ಅವರಿಗೆ ಮೆಚ್ಚುಗೆಯ ಪತ್ರ ಬರೆದರು. 2025ರಲ್ಲಿ ದುಬೈಯಲ್ಲೂ ಪ್ರದರ್ಶನ ಮುಂದುವರಿಯಿತು. ಆದರೆ ಅಮೆರಿಕದ ಒಂದು ತಂಡ ಗೌರವಾರ್ಥವಾಗಿ ಅಂದು ಹಾರಲಿಲ್ಲ. ಹಾರಿದವರೂ ಸತ್ತ ಗೆಳೆಯನ ಗೌರವಕ್ಕೇ ಹಾರಿದೆ ಎನ್ನಬಹುದು, ಹಾರದವರೂ ಅದನ್ನೇ ಹೇಳಬಹುದು. ನೀವೇ ಆ ಪೈಲಟ್ ಆಗಿದ್ದರೆ ಏನು ಮಾಡುತ್ತಿದ್ದಿರಿ? ನೀವೇ ಸಂಘಟಕರಾಗಿದ್ದರೆ?

ಪೈಲಟ್ ಅಪಾಯವನ್ನು ತಿಳಿದು ವಿಮಾನ ಏರುತ್ತಾನೆ. ಅಪ್ಪನ ಹೆಗಲ ಮೇಲೆ ಕೂತ ಮಗು ತಿಳಿದು ಬಂದಿರುವುದಿಲ್ಲ. ಆ ಮಗುವಿನ ಪರವಾಗಿ ಯಾರೋ ಒಬ್ಬರು ಮುಂಚೆಯೇ ಲೆಕ್ಕ ಹಾಕಿರಬೇಕು: ಎಷ್ಟು ದೂರ, ಯಾವ ದಿಕ್ಕು, ಯಾವ ಆಸ್ಪತ್ರೆ, ಯಾವ ಅಳತೆಯ ಕೊಳವೆ. ನಾಳೆ ನಿಮ್ಮಲ್ಲಿ ಒಬ್ಬರು ಪೈಲಟ್ ಆಗಬಹುದು. ಇನ್ನೊಬ್ಬರು ಆ ಲೆಕ್ಕ ಹಾಕುವವರಾಗಬಹುದು. ಚಪ್ಪಾಳೆ ಬೀಳುವುದು ಮೊದಲನೆಯವರಿಗೆ. ಎರಡನೆಯವರ ಕೆಲಸ ಚೆನ್ನಾಗಿ ಆದ ದಿನ ಏನೂ ಆಗುವುದಿಲ್ಲ, ಜನ ಸುಮ್ಮನೆ ಮನೆಗೆ ಹೋಗುತ್ತಾರೆ.

ಕಾರ್ಯಕ್ರಮ ನೋಡಿದ ಮೇಲೆ ಮಾಡಿ ನೋಡಿ

1. ಗ್ರಾಫ್ ಹಾಳೆಯಲ್ಲಿ ರನ್‌ವೇ ಮತ್ತು ಪ್ರೇಕ್ಷಕರ ಸಾಲನ್ನು ಬರೆಯಿರಿ. ವೃತ್ತಾಕಾರದ ತಿರುವಿನ ಬೇರೆ ಬೇರೆ ಬಿಂದುಗಳಲ್ಲಿ ಸ್ಪರ್ಶರೇಖೆ ಎಳೆಯಿರಿ. ಯಾವ ಬಿಂದುವಿನಲ್ಲಿ ವಿಮಾನ ಮುರಿದರೆ ಜನರಿಗೆ ಅಪಾಯ?

2. ನಿಮ್ಮ ಊರಿನ ಜಾತ್ರೆ, ರಥೋತ್ಸವ ಅಥವಾ ಶಾಲೆಯ ಕ್ರೀಡಾಕೂಟದಲ್ಲಿ ಅವಘಡವಾದರೆ ಗಾಯಾಳುಗಳನ್ನು ಎಲ್ಲಿಗೆ, ಯಾವ ದಾರಿಯಲ್ಲಿ ಒಯ್ಯಬೇಕು? ನಕ್ಷೆ ಬರೆದು ತರಗತಿಯಲ್ಲಿ ಚರ್ಚಿಸಿ.